ಇಡುಗಂಟು

ಬೆಟಗೇರಿಯ ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತಿದ್ದ ಕಾಲ.
ಕಾಲೇಜು ಹುಡುಗರಿಗೆಂದು ಸಮಾನಾರ್ಥಕ ಪದಗಳ
ಕೈಪಿಡಿಯೊಂದು ಅಚ್ಚಿಗೆ ಬಂದಿತ್ತು,
ಬರೆದವರು ಮಿಷನ್ ಶಾಲೆಯ ಸುಗುಣಾ ಟೀಚರು.
ಮೂರನೇ ಪುಟದಲ್ಲಿ ‘ಥೆಸಾರಸ್’.
ಥಕಾರದ ಮೊಳೆ ಸಾಲದೆ ರಾಜೇಸಾಬ
ಧ ಕೂರಿಸಿದ್ದ. ನಾನು ಕೆಂಪು ಗೀರು ಎಳೆದೆ.
ಬಂದು ನಿಂತ, ಬೆರಳ ತುದಿಗೆಲ್ಲ ಸೀಸದ ಬೂದು.
‘ಏನ್ರಿ ಅಕ್ಕಾರ ಇದು? ಹಾವೋ, ಹಣ್ಣೋ?’

ಟೀಚರು ಛತ್ರಿ ಮಡಿಸಿ, ಸ್ಟೂಲಿನ ಧೂಳು ಕೊಡವಿ, ಕೂತು ಹೇಳಿದರು:
ಗ್ರೀಕರ ಮಾತು. ಖಜಾನೆ ಅಂತ ಅರ್ಥ,
ಖಜಾನೆ ಇಟ್ಟ ಕೋಣೆ ಅಂತಲೂ.
ಲ್ಯಾಟಿನ್ನಿಗೆ ದಾಟಿ, ಇಂಗ್ಲಿಷಿನ ಹೊಸ್ತಿಲಿಗೆ ಬರುವಷ್ಟರಲ್ಲಿ
ಒಳಗಿನ ಬೆಳ್ಳಿ ಬಂಗಾರ ಖರ್ಚಾಗಿ
ಮಾತುಗಳಷ್ಟೇ ಉಳಿದಿದ್ದವು.
ಬೇರು ‘ಇಡು’ ಎಂಬುದಿರಬಹುದು ಅಂದರು,
ಬಲ್ಲವರು ಇನ್ನೂ ಜಗಳಾಡುತ್ತಾರಂತೆ.
ಹೌದಾದರೆ ನಮ್ಮ ‘ನಿಧಿ’ಯೊಳಗಿನ ಧ
ಗ್ರೀಕರ ಆ ಥಕಾರಕ್ಕೆ ದೂರದ ಅಕ್ಕ.
ರಾಜೇಸಾಬ ನನ್ನ ಕೆಂಪು ಗೀರಿನ ಕಡೆ ನೋಡಿ
ಮೀಸೆಯಲ್ಲೇ ನಕ್ಕ.

‘ಹಂಗಾದ್ರ ಹಗೇವು ಅನ್ರಿ,’ ಅಂದ.
ಯಾರೂ ಮಾತಾಡಲಿಲ್ಲ. ಟ್ರೆಡಲ್ ಬಡಿಯುತ್ತಲೇ ಇತ್ತು.

ಆ ಮಧ್ಯಾಹ್ನ ಕರಡಿನ ಅಂಚಿನಲ್ಲಿ ಗೀಚುತ್ತ ಹೋದೆ.
ಕೂಡಿಡುವುದು ಇರುವೆ.
ಬಚ್ಚಿಡುವುದು ಸೊಸೆ, ಸಾಸಿವೆ ಡಬ್ಬಿಯ ತಳದಲ್ಲಿ.
ಮುಚ್ಚಿಡುವುದು ದೊಡ್ಡಮನೆಯ ಸುದ್ದಿ.
ಎತ್ತಿಡುವುದು, ತಡವಾಗಿ ಬರುವವನ ಪಾಲಿನ ರೊಟ್ಟಿ.
ತೊಟ್ಟಿಲಲ್ಲೂ ಹೆಸರಿಡುತ್ತಾರೆ, ಓಣಿಯಲ್ಲೂ ಹೆಸರಿಡುತ್ತಾರೆ,
ಎರಡನೆಯದು ಸಾಯೋತನಕ ಅಂಟಿಕೊಂಡಿರುತ್ತದೆ.
ಟೀಚರ ಪಟ್ಟಿಯಲ್ಲಿ ಇವೆಲ್ಲ ಅಲ್ಪವಿರಾಮದ ಕೈ ಹಿಡಿದು
ಒಂದೇ ಸಾಲಿನಲ್ಲಿ ನಿಂತಿದ್ದವು,
ಪಾಲಾದ ಅಣ್ಣತಮ್ಮಂದಿರ ಹಳೇ ಫೋಟೋದ ಹಾಗೆ.
‘ಇಡುಗಂಟು’ ಬಿಟ್ಟುಹೋಗಿತ್ತು. ಸೇರಿಸಿದೆ.
ಬಿಚ್ಚದೆ ಇಟ್ಟ ಗಂಟು. ಕಷ್ಟಕಾಲಕ್ಕೆ ಅಂತ ಇಟ್ಟು,
ಕಷ್ಟ ಬಂದಾಗಲೂ ‘ಇರಲಿ, ಇನ್ನೂ ದೊಡ್ಡದು ಬಂದೀತು’ ಅಂತ
ಮತ್ತೆ ಒಳಗೆ ತಳ್ಳಿದ್ದು.

ಚಹಾದ ಹೊತ್ತಿಗೆ ರಾಜೇಸಾಬ ತಾನಾಗಿಯೇ ಹೇಳಿದ.
ರೋಣದ ಕಡೆ ಅವನೂರು. ಎರೆನೆಲದ ಓಣಿ,
ನಡು ಓಣಿಯಲ್ಲೇ ಬಿಳಿಜೋಳದ ಹಗೇವು,
ಬಾಯಿ ಮಾತ್ರ ಒಬ್ಬ ಹುಡುಗ ಇಳಿಯುವಷ್ಟು.
ಬಾಯಿಕಲ್ಲು ಸರಿಸಿ ಗಾಳಿಯಾಡಲು ಬಿಡಬೇಕು,
ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ
ಮೊದಲು ದೀಪ ಇಳಿಸಬೇಕು.
ದೀಪ ಉಳಿದರೆ ಹುಡುಗ.
ದೀಪ ಆರಿದರೆ, ನಾಳೆ.
ಗೋಡೆಯಂಚಿನ ಜೋಳ ಮುಗ್ಗಿರುತ್ತದೆ, ನಡುವಿನದು ಬೆಚ್ಚಗೆ,
ಮೊಣಕಾಲುದ್ದ ಹೂತುಹೋದರೆ ಯಾರೋ ತಬ್ಬಿಕೊಂಡ ಹಾಗೆ.
‘ನಾನು, ಹುಚ್ಚೀರ, ಇಬ್ರೂ ಇಳೀತಿದ್ವಿ.
ಒಂದಿನ ಬೀಗರು ಬಂದಿದ್ರು, ಗಡಿಬಿಡಿ,
ಕಂದೀಲದಾಗ ಎಣ್ಣಿ ಇರಲಿಲ್ಲ.
ಅಂವ ಹಂಗೇ ಇಳದ.’

ಬಸಿಯಲ್ಲಿ ಚಹಾ ಕೆನೆಗಟ್ಟಿತು.
ಕೈಪಿಡಿಯ ಹಾಳೆಗಳನ್ನು ನನ್ನ ಕಡೆ ಸರಿಸಿದ.
‘ಎಲ್ಲಾದಕ್ಕೂ ಇನ್ನೊಂದು ಮಾತು ಐತಿ ಅಂತೀರಿ ಇದರಾಗ.
ಹುಚ್ಚೀರಗ ನೋಡ್ರಿ ಅಕ್ಕಾರ.’

ನೋಡಿದೆ. ಕೊನೆಯ ಫಾರಂ, ಹಕಾರ.
‘ಹುಗಿ’ ಇತ್ತು: ಹೂಳು, ಹೂತಿಡು, ನೆಲಕ್ಕೆ ಸೇರಿಸು.
ಅದರ ಕೆಳಗೇ ‘ಹುಚ್ಚು’: ಮರುಳು, ಭ್ರಾಂತಿ, ತಿಕ್ಕಲು.
ನಡುವೆ ಬೇರೆಲ್ಲೂ ಇಲ್ಲದ ಒಂದು ಸಾಲಿನ ಬಿಳಿ.
ಅಲ್ಲಿ ಸೀಸದ ಪಟ್ಟಿ ಇಟ್ಟವನು ಅವನೇ.

ತಿದ್ದಲು ಎತ್ತಿದ ಪೆನ್ನಿಗೆ ಟೊಪ್ಪಿಗೆ ಹಾಕಿದೆ.
ಮೂರನೇ ಪುಟದ ಕೆಂಪು ಗೀರನ್ನೂ ಹೊಡೆದುಹಾಕಿ
‘ಸರಿಯಿದೆ’ ಅಂತ ಬರೆದು ಸಹಿ ಮಾಡಿದೆ.